ಗಿಟಾರಿನ ಬೆನ್ನು

ಗಿಟಾರ್ ವಾದ್ಯವನ್ನು ನೋಡಿದವರ ನೆನಪಿನಲ್ಲಿ ಉಳಿಯುವುದು ಅದರ ಮುಖ. ಆರು ತಂತಿಗಳು, ಅವುಗಳ ಕೆಳಗಿನ ದುಂಡು ರಂಧ್ರ, ವೀಣೆಯಲ್ಲಿರುವಂತೆ ತಂತಿಗಳನ್ನು ಹೊತ್ತು ನಿಂತ ಕುದುರೆ ಇವೆಲ್ಲವೂ ಮುಂಭಾಗದಲ್ಲಿಯೇ ಇವೆ. ವಾದಕನು ವಾದ್ಯವನ್ನು ಎದೆಗೋ ಹೊಟ್ಟೆಗೋ ಆನಿಸಿ ಹಿಡಿಯುವುದರಿಂದ ಅದರ ಹಿಂಭಾಗ ಸಭಿಕರಿಗೆ ಕಾಣುವುದೇ ಇಲ್ಲ. ಆದರೆ ಆ ರಂಧ್ರದ ಬಳಿ ಕಣ್ಣಿಟ್ಟು ಒಳಗೆ ಇಣುಕಿದರೆ, ಹಿಂದಿನ ಹಲಗೆಯ ಒಳಮೈಗೆ ಅಂಟಿಸಿದ ಕೆಲವು ತಿಳಿಬಣ್ಣದ ಮರದ ಪಟ್ಟಿಗಳು ಗೋಚರಿಸುತ್ತವೆ. ಇವು ಅಲ್ಲಿ ಏಕಿವೆ? ಎಷ್ಟಿರಬೇಕು? ಅಡ್ಡಲಾಗಿರಬೇಕೋ ಓರೆಯಾಗಿರಬೇಕೋ? ನೋಡುವವರಿಗೆ ಇದು ಕ್ಷುಲ್ಲಕ ಪ್ರಶ್ನೆಯೆಂದು ತೋರಬಹುದು. ಗಿಟಾರನ್ನು ಕಟ್ಟುವ ವಾದ್ಯಶಿಲ್ಪಿಗೆ ಹಾಗಲ್ಲ. ಪೆಟ್ಟಿಗೆಯನ್ನು ಮುಚ್ಚಿ ಅಂಟು ಒಣಗಿದ ಮೇಲೆ ಈ ಪಟ್ಟಿಗಳ ಜೋಡಣೆಯನ್ನು ಬದಲಿಸಬೇಕಾದರೆ ವಾದ್ಯವನ್ನೇ ಬಿಚ್ಚಬೇಕಾಗುತ್ತದೆ. ಹಲವು ವಾರಗಳ ಶ್ರಮವೂ ಬೆಲೆಬಾಳುವ ಮರವೂ ಈ ಒಂದು ತೀರ್ಮಾನವನ್ನು ನಂಬಿ ನಿಂತಿರುತ್ತವೆ.

ಈ ಪಟ್ಟಿಗಳಿಗೆ ಇಂಗ್ಲಿಷಿನಲ್ಲಿ ‘ಬ್ರೇಸ್’ ಎಂದು ಹೆಸರು. ನಾವು ಅವುಗಳನ್ನು ಆಧಾರಪಟ್ಟಿಗಳೆಂದು ಕರೆಯೋಣ. ಗಿಟಾರಿನ ಒಡಲು ಒಂದು ಟೊಳ್ಳು ಪೆಟ್ಟಿಗೆ. ಅದರ ಮುಂದಿನ ಹಲಗೆ ಮುಖಹಲಗೆ, ಹಿಂದಿನದು ಬೆನ್ನಹಲಗೆ, ಇವೆರಡನ್ನೂ ಸುತ್ತ ಬಳಸಿ ಹಿಡಿದಿರುವುದು ಬಗ್ಗಿಸಿದ ಬದಿಹಲಗೆ. ಹಲಸಿನ ಮರದ ದಿಮ್ಮಿಯನ್ನು ತೋಡಿ ಮಾಡಿದ ವೀಣೆಯ ಕೊಡವನ್ನು ನೀವು ಕಂಡಿರಬಹುದು. ಅದರ ದುಂಡು ಆಕಾರವೇ ಅದಕ್ಕೆ ಬಲ. ಬೇರೆ ಆಧಾರ ಬೇಕಿಲ್ಲ. ಪಿಟೀಲಿನ ಬೆನ್ನೂ ಕೆತ್ತಿ ಉಬ್ಬಿಸಿದ್ದಾದುದರಿಂದ ಅಲ್ಲಿಯೂ ಪಟ್ಟಿಗಳಿಲ್ಲ. ಗಿಟಾರಿನ ಬೆನ್ನಾದರೋ ಹೆಚ್ಚುಕಡಮೆ ಚಪ್ಪಟೆಯಾದ ಹಲಗೆ. ದೊಡ್ಡ ಗಿಟಾರಿನಲ್ಲಿ ಅದರ ಅಗಲ ಸುಮಾರು 40 ಸೆಂಟಿಮೀಟರ್. ದಪ್ಪ ಮಾತ್ರ ಎರಡೂವರೆ ಮಿಲಿಮೀಟರಿನಷ್ಟು. ಇಷ್ಟು ಅಗಲದ, ಇಷ್ಟು ತೆಳುವಾದ ಹಲಗೆಯನ್ನು ಬರಿದೆ ಬಿಟ್ಟರೆ ಅದು ತಿರುಚಿಕೊಳ್ಳುತ್ತದೆ, ಕೊನೆಗೆ ಸೀಳುತ್ತದೆ. ಆದುದರಿಂದ ಪಟ್ಟಿಗಳು ಬೇಕು ಎಂಬ ಬಗ್ಗೆ ವಿವಾದವಿಲ್ಲ. ವಿವಾದವಿರುವುದು ಅವುಗಳನ್ನು ಹೇಗೆ ಇಡಬೇಕೆಂಬುದರಲ್ಲಿ.

ಇದನ್ನು ತಿಳಿಯಲು ಗಿಟಾರಿನ ನಾದ ಹೇಗೆ ಹುಟ್ಟುತ್ತದೆಂಬುದನ್ನು ಮೊದಲು ನೋಡಬೇಕು. ತಂತಿಯೊಂದೇ ಮಿಡಿದರೆ ಹೊರಡುವ ಸದ್ದು ಬಲು ಕ್ಷೀಣ. ಅಷ್ಟು ತೆಳುವಾದ ವಸ್ತು ಹೆಚ್ಚು ಗಾಳಿಯನ್ನು ಅಲುಗಿಸಲಾರದು. ತಂತಿಯ ಕಂಪನ ಕುದುರೆಯ ಮೂಲಕ ಮುಖಹಲಗೆಗೆ ಇಳಿಯುತ್ತದೆ. ಮುಖಹಲಗೆ ಹಿಂದೆ ಮುಂದೆ ಆಡಿದಾಗ ಹೊರಗಿನ ಗಾಳಿಯೂ ಪೆಟ್ಟಿಗೆಯೊಳಗಿನ ಗಾಳಿಯೂ ಕದಲುತ್ತವೆ. ಒಳಗಿನ ಗಾಳಿ ರಂಧ್ರದ ಮೂಲಕ ಉಸಿರಾಡುವಂತೆ ಹೊರಕ್ಕೂ ಒಳಕ್ಕೂ ಚಲಿಸುತ್ತದೆ. ಈ ಗಾಳಿಯ ಅನುರಣನ ಸಾಮಾನ್ಯವಾಗಿ ಸೆಕೆಂಡಿಗೆ 100 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಮುಖಹಲಗೆಯ ಪ್ರಧಾನ ಅನುರಣನ ಅದಕ್ಕಿಂತ ಮೇಲೆ, 200 ಕಂಪನಗಳ ಹತ್ತಿರದಲ್ಲಿ. ಒಳಗಿನ ಗಾಳಿಯ ಒತ್ತಡ ಏರಿಳಿಯುವಾಗ ಅದು ಬೆನ್ನಹಲಗೆಯನ್ನೂ ತಳ್ಳುತ್ತದೆ. ಬದಿಹಲಗೆಗಳ ಮೂಲಕವೂ ಕಂಪನ ಬೆನ್ನಿಗೆ ಮುಟ್ಟುತ್ತದೆ. ಹೀಗೆ ತಂತಿಯ ಸಂದೇಶ ಬೆನ್ನಿಗೆ ತಲಪುವುದು ನೇರವಾಗಿ ಅಲ್ಲ, ಸುತ್ತುದಾರಿಯಿಂದ.

ಸಂದೇಶ ತಲಪಿದ ಮೇಲೆ ಬೆನ್ನು ಏನು ಮಾಡಬೇಕು? ಎರಡು ಉತ್ತರಗಳಿವೆ. ಗೋಡೆಯಂತೆ ಅಲುಗದೆ ನಿಂತು, ಗಾಳಿಯ ಒತ್ತಡವನ್ನು ಮುಖಹಲಗೆಯ ಕಡೆಗೂ ರಂಧ್ರದ ಕಡೆಗೂ ಮರಳಿಸಬಹುದು. ಇಲ್ಲವೆ ಹಿಮ್ಮೇಳದ ಗಾಯಕನಂತೆ ತಾನೂ ಕಂಪಿಸಿ ನಾದಕ್ಕೆ ತನ್ನ ಪಾಲನ್ನು ಸೇರಿಸಬಹುದು. ಬೆರಳು ತಂತಿಗೆ ಕೊಡುವ ಶಕ್ತಿ ಮಿತವಾದದ್ದು. ಅದನ್ನು ಹೆಚ್ಚಿಸುವ ಉಪಾಯ ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ಬೆನ್ನು ಕಂಪಿಸಿದರೆ ಆ ಶಕ್ತಿಯಲ್ಲಿ ಒಂದಂಶವನ್ನು ಅದು ಬಳಸಿಕೊಳ್ಳುತ್ತದೆ. ಅದರಲ್ಲಿ ಸ್ವಲ್ಪ ಶಬ್ದವಾಗಿ ಹೊರಬೀಳುತ್ತದೆ, ಸ್ವಲ್ಪ ಮರದೊಳಗಿನ ಘರ್ಷಣೆಯಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಕೊಟ್ಟದ್ದಕ್ಕಿಂತ ತಿಂದದ್ದು ಹೆಚ್ಚಾದರೆ ಅಂತಹ ಬೆನ್ನು ವಾದ್ಯಕ್ಕೆ ಹೊರೆಯೇ ಸರಿ. ಆಧಾರಪಟ್ಟಿಗಳ ಆಯ್ಕೆಯೆಂದರೆ, ಗೋಡೆಯೋ ಹಿಮ್ಮೇಳವೋ ಎಂಬ ಈ ಆಯ್ಕೆಯೇ ಆಗಿದೆ.

ಬೆನ್ನಿನ ಪಾತ್ರ ಎಷ್ಟು ದೊಡ್ಡದು ಎಂಬ ಕುತೂಹಲ ಹೊಸದಲ್ಲ. ಸ್ಪೇನ್ ದೇಶದ ಆಲ್ಮೇರಿಯಾದಲ್ಲಿ 1817ರಲ್ಲಿ ಜನಿಸಿದ ಆಂಟೋನಿಯೋ ದೆ ಟೊರೆಸ್ ಇಂದಿನ ಶಾಸ್ತ್ರೀಯ ಗಿಟಾರಿನ ಆಕಾರವನ್ನು ರೂಪಿಸಿದ ಮಹಾಶಿಲ್ಪಿ. ಮುಖಹಲಗೆಯ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಪಟ್ಟಿಗಳನ್ನು ಅಂಟಿಸುವ ಪದ್ಧತಿಯನ್ನು ಪರಿಪೂರ್ಣತೆಗೆ ತಂದವರಲ್ಲಿ ಆತನೇ ಅಗ್ರಗಣ್ಯ. ನಾದವೆಲ್ಲ ಮುಖಹಲಗೆಯಲ್ಲಿದೆ ಎಂಬುದು ಅವನ ನಂಬಿಕೆ. ಆ ನಂಬಿಕೆಯನ್ನು ಅವನು ಬಾಯಿಮಾತಿನಲ್ಲಿ ಬಿಡಲಿಲ್ಲ. 1862ರಲ್ಲಿ ಒಂದು ಗಿಟಾರನ್ನು ಕಟ್ಟಿ, ಅದಕ್ಕೆ ಒಳ್ಳೆಯ ಮರದ ಮುಖಹಲಗೆಯನ್ನು ಕೂರಿಸಿದನು. ಬೆನ್ನನ್ನೂ ಬದಿಗಳನ್ನೂ ಮಾತ್ರ ಕಾಗದದ ರಟ್ಟಿನಿಂದ ಮಾಡಿದನು. ಕಾಗದದ ಬೆನ್ನಿನ ಆ ಗಿಟಾರ್ ನುಡಿಯಿತು! ಇಂದು ಅದು ಬಾರ್ಸಿಲೋನಾ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಟೊರೆಸನ ಪ್ರಯೋಗವನ್ನು ಹೇಳಿ ಬೆನ್ನಿಗೆ ಯಾವ ಬೆಲೆಯೂ ಇಲ್ಲವೆಂದು ವಾದಿಸುವವರುಂಟು. ಅದು ಅವಸರದ ತೀರ್ಮಾನ. ರಟ್ಟಿನ ಬೆನ್ನಿನಿಂದಲೂ ಇಂಪಾದ ನಾದ ಬರಬಹುದೆಂಬುದನ್ನು ಪ್ರಯೋಗ ತೋರಿಸಿತೇ ಹೊರತು, ಎಲ್ಲ ಬೆನ್ನುಗಳಿಂದಲೂ ಒಂದೇ ನಾದ ಬರುತ್ತದೆಂದು ಅದು ತೋರಿಸಲಿಲ್ಲ. ಅಲ್ಲದೆ ಟೊರೆಸ್ ತನ್ನ ಉಳಿದ ಗಿಟಾರುಗಳಿಗೆ ಮರದ ಬೆನ್ನನ್ನೇ ಇಟ್ಟನು ಎಂಬುದನ್ನು ಮರೆಯಲಾಗದು.

ಸುಮಾರು ಒಂದೂವರೆ ಶತಮಾನದ ಬಳಿಕ ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಿದವರು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು. ಒಬ್ಬನೇ ವಾದ್ಯಶಿಲ್ಪಿಯ ನೆರವಿನಿಂದ ಅವರು ಆರು ಗಿಟಾರುಗಳನ್ನು ಕಟ್ಟಿಸಿದರು. ಬೆನ್ನು ಮತ್ತು ಬದಿಗಳ ಮರವೊಂದನ್ನು ಬಿಟ್ಟರೆ ಉಳಿದೆಲ್ಲ ವಿಷಯಗಳಲ್ಲಿ ಅವು ಸಾಧ್ಯವಾದಷ್ಟು ಒಂದೇ ತೆರನಾಗಿದ್ದವು. ಮಂದಬೆಳಕಿನ ಕೋಣೆಯಲ್ಲಿ, ಬೆಸುಗೆ ಹಾಕುವವರು ಧರಿಸುವ ಕಪ್ಪು ಕನ್ನಡಕವನ್ನು ತೊಡಿಸಿ, 52 ಮಂದಿ ವಾದಕರಿಂದ ಅವುಗಳನ್ನು ನುಡಿಸಿದರು. ಮರ ಕಣ್ಣಿಗೆ ಕಾಣದಿದ್ದಾಗ ವಾದಕರು ಆರಕ್ಕೂ ಬಹುಮಟ್ಟಿಗೆ ಸಮಾನವಾದ ಅಂಕಗಳನ್ನು ಕೊಟ್ಟರು. ಅತಿ ದುಬಾರಿಯಾದ ಮರಕ್ಕೂ ಅಗ್ಗದ ಮರಕ್ಕೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಈ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಇಲ್ಲಿ ಪರೀಕ್ಷೆಗೆ ಒಳಗಾದದ್ದು ಮರದ ಜಾತಿ, ಆಧಾರಪಟ್ಟಿಗಳಲ್ಲ. ಆದರೂ ಶಿಲ್ಪಿಗೆ ಇದರಿಂದ ಒಂದು ಸೂಚನೆ ದೊರೆಯುತ್ತದೆ. ಬೆನ್ನು ಯಾವ ಮರದ್ದೆಂದು ಚಿಂತಿಸುವುದಕ್ಕಿಂತ, ಅದು ಎಷ್ಟು ಬಿಗಿಯಾಗಿದೆ, ಎಷ್ಟು ಭಾರವಾಗಿದೆ ಎಂದು ಚಿಂತಿಸುವುದು ಹೆಚ್ಚು ಫಲದಾಯಕ.

ಮರದ ಮಾತು ಬಂದುದರಿಂದ ನಮ್ಮ ನಾಡಿಗೂ ಇದಕ್ಕೂ ಇರುವ ನಂಟನ್ನು ಹೇಳಬೇಕು. ಬಹುಕಾಲ ಒಳ್ಳೆಯ ಗಿಟಾರುಗಳ ಬೆನ್ನಿಗೆ ಬ್ರೆಜಿಲ್ ದೇಶದ ರೋಸ್‌ವುಡ್ ಮರವನ್ನು ಬಳಸುತ್ತಿದ್ದರು. ಆ ಮರ ವಿರಳವಾಗಿ, ದಿಮ್ಮಿಗಳ ರಫ್ತಿಗೆ ತಡೆ ಬಿದ್ದಾಗ ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಅದು ಬೇರೆ ಯಾವುದೂ ಅಲ್ಲ, ನಮ್ಮ ಪಶ್ಚಿಮಘಟ್ಟದ ಬೀಟೆ. ಕೊಡಗು, ಚಿಕ್ಕಮಗಳೂರುಗಳ ಕಾಡಿನಲ್ಲಿ ಬೆಳೆಯುವ, ಮೈಸೂರಿನ ಕುಸುರಿಗಾರರು ಚಿತ್ತಾರ ಕೂರಿಸಲು ಆರಿಸಿಕೊಂಡ ಅದೇ ಮರ. 2017ರಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೂ ಒಪ್ಪಂದವೊಂದರ ನಿಯಂತ್ರಣಕ್ಕೆ ಒಳಪಟ್ಟಿದೆ. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ಸಡಿಲಿಕೆ ದೊರೆಯಿತು. ಬೀಟೆ ನಿಧಾನವಾಗಿ ಬೆಳೆಯುವ ಮರ. ತಪ್ಪಾದ ಪಟ್ಟಿಗಳಿಂದಾಗಿ ಸೀಳಿಹೋದ ಒಂದು ಬೆನ್ನಿಗೆ ಬದಲು ಇನ್ನೊಂದನ್ನು ತರುವುದು ಅಂಗಡಿಯಿಂದ ಕಾಗದ ತಂದಷ್ಟು ಸುಲಭವಲ್ಲ.

ಬೆನ್ನು ಸೀಳುವುದಾದರೂ ಏಕೆ? ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನೂ ಬೇಸಗೆಯಲ್ಲಿ ಮತ್ತೆ ಸಲೀಸಾಗುವುದನ್ನೂ ನೀವು ಗಮನಿಸಿರುತ್ತೀರಿ. ಮರ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಅದರ ಹಿಗ್ಗು ಕುಗ್ಗು ನಗಣ್ಯ. ಎಳೆಗೆ ಅಡ್ಡಲಾಗಿ ಗಣನೀಯ. 40 ಸೆಂಟಿಮೀಟರ್ ಅಗಲದ ಬೆನ್ನು ಒಣಹವೆಯಲ್ಲಿ ಸುಮಾರು ಒಂದು ಮಿಲಿಮೀಟರಿನಷ್ಟು ಕುಗ್ಗಬಹುದು. ಬೆನ್ನಹಲಗೆಯ ಎಳೆ ವಾದ್ಯದ ಉದ್ದಕ್ಕೆ ಹರಿಯುತ್ತದೆ. ಅಡ್ಡಪಟ್ಟಿಯ ಎಳೆ ಪಟ್ಟಿಯ ಉದ್ದಕ್ಕೆ, ಎಂದರೆ ಬೆನ್ನಿನ ಎಳೆಗೆ ಲಂಬವಾಗಿ ಹರಿಯುತ್ತದೆ. ಹಲಗೆ ಕುಗ್ಗಲೆಳಸುತ್ತದೆ, ಅದಕ್ಕೆ ಬಿಗಿದುಕೊಂಡ ಪಟ್ಟಿ ಕುಗ್ಗಲೊಲ್ಲದು. ನೀವು ವಿಜ್ಞಾನದ ಪಾಠದಲ್ಲಿ ಓದಿರುವ ದ್ವಿಲೋಹಪಟ್ಟಿಯ ಸ್ಥಿತಿಯೇ ಇಲ್ಲಿಯೂ ಒದಗುತ್ತದೆ. ಎರಡೂ ಸೇರಿ ಬಾಗುತ್ತವೆ. ಬಾಗಲು ಎಡೆಯಿಲ್ಲದಿದ್ದರೆ ಹಲಗೆ ಎಳೆಯ ಗುಂಟ ಬಿರಿಯುತ್ತದೆ.

ಈ ಅಪಾಯಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಬಲು ಸೊಗಸಾದದ್ದು. ಅವರು ಬೆನ್ನನ್ನು ಪೂರ್ತಿ ಚಪ್ಪಟೆಯಾಗಿ ಬಿಡದೆ ಹೊರಕ್ಕೆ ತುಸುವೇ ಉಬ್ಬಿಸಿದರು. ಪಟ್ಟಿಗಳ ಅಂಟುವ ಅಂಚನ್ನು ಕಮಾನಿನಂತೆ ಉಜ್ಜಿ, ಹಲಗೆಯನ್ನು ಅದಕ್ಕೆ ಒತ್ತಿ ಅಂಟಿಸಿದರೆ ಈ ಉಬ್ಬು ತಾನಾಗಿ ಬರುತ್ತದೆ. ಹಲವು ಶಿಲ್ಪಿಗಳು ಬಳಸುವ ಕಮಾನು 15 ಅಡಿ ತ್ರಿಜ್ಯದ ವೃತ್ತದ ಒಂದು ತುಣುಕು. 40 ಸೆಂಟಿಮೀಟರ್ ಅಗಲದಲ್ಲಿ ಅದರ ನಡುವಿನ ಎತ್ತರ ನಾಲ್ಕು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹವೆ ಒಣಗಿದಾಗ ಉಬ್ಬು ಮೊದಲು ಇಳಿಯುತ್ತದೆ. ಹಲಗೆಗೆ ಬಾಗಲು ಎಡೆ ದೊರೆಯುತ್ತದೆ. ಇಷ್ಟಾದರೂ ಪಟ್ಟಿಗಳನ್ನು ಅಂಟಿಸುವ ದಿನದ ಹವೆ ಮುಖ್ಯವೇ. ಸಾಪೇಕ್ಷ ಆರ್ದ್ರತೆ ನೂರಕ್ಕೆ 40ರಿಂದ 45ರಷ್ಟಿರುವ ಕೋಣೆಯಲ್ಲಿ ಮಾತ್ರ ಅನುಭವಿಗಳು ಈ ಕೆಲಸಕ್ಕೆ ಕೈಹಾಕುತ್ತಾರೆ. ಮಳೆಯ ದಿನ ಉಬ್ಬಿದ ಹಲಗೆಗೆ ಪಟ್ಟಿ ಅಂಟಿಸಿದ ಗಿಟಾರ್ ಮುಂದಿನ ಬೇಸಗೆಯಲ್ಲಿ ಬಿರಿದರೆ ಅದಕ್ಕೆ ಬೇಸಗೆಯನ್ನು ದೂರಿ ಫಲವಿಲ್ಲ.

ಇನ್ನು ಪಟ್ಟಿಯ ಅಳತೆ. ಇದಕ್ಕೆ ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಶೀತಪ್ರದೇಶದ ಮರವನ್ನು ಆರಿಸುತ್ತಾರೆ. ಅದು ಹಗುರ, ತೂಕಕ್ಕೆ ಹೋಲಿಸಿದರೆ ಅದರ ಬಿಗಿತ ಬಹಳ ಹೆಚ್ಚು. ಗರಗಸದಿಂದ ಕೊಯ್ಯುವುದಕ್ಕಿಂತ ಎಳೆಯ ಗುಂಟ ಸೀಳಿ ತೆಗೆದ ಪಟ್ಟಿ ಮೇಲು. ಪಟ್ಟಿಯ ಅಗಲವನ್ನು ಇಮ್ಮಡಿಸಿದರೆ ಅದರ ಬಿಗಿತವೂ ಇಮ್ಮಡಿಯಾಗುತ್ತದೆ. ಎತ್ತರವನ್ನು ಇಮ್ಮಡಿಸಿದರೆ ಬಿಗಿತ ಎಂಟು ಮಡಿಯಾಗುತ್ತದೆ! ಬಿಗಿತವು ಎತ್ತರದ ಘನಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ. 12 ಮಿಲಿಮೀಟರ್ ಎತ್ತರದ ಪಟ್ಟಿಯನ್ನು 15 ಮಿಲಿಮೀಟರಿಗೆ ಏರಿಸಿದರೆ ಮರ ಕಾಲುಭಾಗ ಹೆಚ್ಚಾಗುತ್ತದೆ, ಬಿಗಿತ ಹೆಚ್ಚುಕಡಮೆ ಎರಡರಷ್ಟಾಗುತ್ತದೆ. ಮನೆಯ ಮಾಡಿನ ತೊಲೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಇಡುವುದು ಇದೇ ಕಾರಣದಿಂದ. ಉಜ್ಜುಗೊರಡಿನ ನಾಲ್ಕೈದು ಎಳೆತಗಳು ಬೆನ್ನಿನ ಸ್ವಭಾವವನ್ನೇ ಬದಲಿಸಬಲ್ಲವು ಎಂಬುದನ್ನು ಈ ಲೆಕ್ಕದಿಂದ ಊಹಿಸಿಕೊಳ್ಳಿ.

ಪಟ್ಟಿಗಳ ಜೋಡಣೆಗಳಲ್ಲಿ ಅತ್ಯಂತ ಹಳೆಯದೂ ಇಂದಿಗೂ ಅತ್ಯಂತ ಬಳಕೆಯಲ್ಲಿರುವುದೂ ಏಣಿಯ ಜೋಡಣೆ. ಏಣಿಯ ಮೆಟ್ಟಿಲುಗಳಂತೆ ಪಟ್ಟಿಗಳು ಬೆನ್ನಿಗೆ ಅಡ್ಡಲಾಗಿ, ಒಂದಕ್ಕೊಂದು ಸಮಾಂತರವಾಗಿ ಇರುತ್ತವೆ. ಶಾಸ್ತ್ರೀಯ ಗಿಟಾರಿನಲ್ಲಿ ವಾಡಿಕೆಯಾಗಿ ಮೂರು, ಉಕ್ಕಿನ ತಂತಿಯ ಗಿಟಾರಿನಲ್ಲಿ ನಾಲ್ಕು. ನಡುವಿನ ಬೆಸುಗೆಯ ಮೇಲೆ, ಮೇಲಿನಿಂದ ಕೆಳಗಿನವರೆಗೆ, ಒಂದು ತೆಳುಪಟ್ಟಿ ಇರುತ್ತದೆ. ಒಂದು ಹಲಗೆಯನ್ನು ಸೀಳಿ, ಪುಸ್ತಕ ಬಿಡಿಸಿದಂತೆ ಎರಡು ಪಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಬೆನ್ನನ್ನು ಜೋಡಿಸಿರುತ್ತಾರಾದುದರಿಂದ ಆ ಬೆಸುಗೆಯನ್ನು ಕಾಯಲು ಈ ತೆಳುಪಟ್ಟಿ. ಏಣಿಯ ಜೋಡಣೆಯಲ್ಲಿ ಒಂದು ಸಹಜವಾದ ತರ್ಕವಿದೆ. ಹಲಗೆ ತನ್ನ ಎಳೆಯ ಉದ್ದಕ್ಕೆ ತಾನೇ ಬಿಗಿಯಾಗಿರುತ್ತದೆ, ದುರ್ಬಲವಾಗಿರುವುದು ಅಡ್ಡಕ್ಕೆ. ಎಲ್ಲಿ ದೌರ್ಬಲ್ಯವೋ ಅಲ್ಲಿಗೇ ಅಡ್ಡಪಟ್ಟಿ ಬಲವನ್ನು ಒದಗಿಸುತ್ತದೆ.

ಜರ್ಮನಿಯ ಸ್ಯಾಕ್ಸನಿ ಪ್ರಾಂತದಿಂದ 1833ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಕ್ರಿಶ್ಚಿಯನ್ ಫ್ರೆಡೆರಿಕ್ ಮಾರ್ಟಿನ್ 1840ರ ದಶಕದಲ್ಲಿ ಮುಖಹಲಗೆಗೆ ಗುಣಾಕಾರ ಚಿಹ್ನೆಯಂತೆ ಒಂದನ್ನೊಂದು ದಾಟುವ ಪಟ್ಟಿಗಳನ್ನು ಬಳಸತೊಡಗಿದನು. ಆ ಪದ್ಧತಿ ಮುಂದೆ ಉಕ್ಕಿನ ತಂತಿಯ ಗಿಟಾರುಗಳಿಗೆಲ್ಲ ಮಾದರಿಯಾಯಿತು. ಕುತೂಹಲದ ಸಂಗತಿಯೆಂದರೆ, ಅವನ ಹೆಸರಿನ ಕಂಪನಿ ಬೆನ್ನಿಗೆ ಮಾತ್ರ ಬಹುತೇಕ ಏಣಿಯನ್ನೇ ಉಳಿಸಿಕೊಂಡಿತು. ಉಕ್ಕಿನ ಆರು ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋಗ್ರಾಂ ತೂಕಕ್ಕೆ ಸಮ. ನೈಲಾನ್ ತಂತಿಗಳದು 40ರ ಹತ್ತಿರ. ಈ ಸೆಳೆತದ ತಿರುಚನ್ನು ಕುದುರೆಯ ಕೆಳಗೆ ಹೊರಬೇಕಾದುದು ಮುಖಹಲಗೆ. ಬೆನ್ನಿಗೆ ಆ ಕಷ್ಟವಿಲ್ಲ. ಹಾಗೆಂದು ಅದು ಪೂರ್ತಿ ನಿರಾಳವೂ ಅಲ್ಲ. ತಂತಿಗಳು ಕತ್ತನ್ನು ಮುಂದಕ್ಕೆ ಬಗ್ಗಿಸಲೆಳಸುವಾಗ ಕತ್ತಿನ ಬುಡ ಬೆನ್ನನ್ನು ಉದ್ದಕ್ಕೆ ಎಳೆಯುತ್ತದೆ. ವರ್ಷಗಳು ಕಳೆದಂತೆ ಬೆನ್ನಿನ ಉಬ್ಬು ಇಳಿದು, ಕತ್ತು ತುಸು ವಾಲಿ, ತಂತಿಗಳು ಮೇಲೆದ್ದು, ಒತ್ತುವ ಬೆರಳುಗಳಿಗೆ ನೋವಾಗುವುದುಂಟು. ಅಡ್ಡಪಟ್ಟಿಗಳು ಈ ಉದ್ದುದ್ದದ ಎಳೆತಕ್ಕೆ ಹೆಚ್ಚಿನ ಪ್ರತಿಭಟನೆಯನ್ನು ಒಡ್ಡಲಾರವು. ಏಣಿಯ ಜೋಡಣೆಯ ಒಂದು ಕೊರತೆಯೆಂದರೆ ಇದು.

ಬೆನ್ನಿಗೂ ಗುಣಾಕಾರದ ಜೋಡಣೆಯನ್ನು ಇಡುವವರಿದ್ದಾರೆ. ಓರೆಪಟ್ಟಿಗಳು ಅಡ್ಡಕ್ಕೂ ಉದ್ದಕ್ಕೂ ಬಲವನ್ನು ಹಂಚುತ್ತವೆ. ಆದುದರಿಂದ ಮೇಲೆ ಹೇಳಿದ ಕೊರತೆ ಕಡಮೆಯಾಗುತ್ತದೆ. ಕೆಳಗಿನ ಅಗಲವಾದ ಭಾಗ ಪಟ್ಟಿಗಳಿಂದ ತುಂಡುತುಂಡಾಗದೆ ಒಂದೇ ವಿಶಾಲ ಬಯಲಾಗಿ ಉಳಿಯುವುದರಿಂದ ಮೃದಂಗದ ಮುಚ್ಚಿಗೆಯಂತೆ ಒಟ್ಟಾಗಿ ಆಡಲು ಅದಕ್ಕೆ ಅನುಕೂಲ. ಆದರೆ ಪಟ್ಟಿಗಳು ದಾಟುವ ಸ್ಥಳದಲ್ಲಿ ಎಚ್ಚರ ಬೇಕು. ಅಲ್ಲಿ ಪ್ರತಿಯೊಂದರ ಅರ್ಧ ಎತ್ತರವನ್ನು ಕಚ್ಚು ಮಾಡಿ ಒಂದರೊಳಗೊಂದನ್ನು ಕೂರಿಸುತ್ತಾರೆ. ಅರ್ಧ ಎತ್ತರವೆಂದರೆ ಎಂಟನೆಯ ಒಂದು ಪಾಲು ಬಿಗಿತ! ಕಚ್ಚು ಸಡಿಲವಾದರೆ ಜೋಡಣೆಯ ಎದೆಯೇ ಬಲಹೀನವಾದಂತೆ. ಆದುದರಿಂದ ಆ ಸಂಧಿಯ ಮೇಲೆ ಒಂದು ಬಟ್ಟೆಯ ತುಂಡನ್ನೋ ತೆಳು ಮರದ ಚೂರನ್ನೋ ಅಂಟಿಸಿ ಭದ್ರಪಡಿಸುತ್ತಾರೆ. ಮುಖಹಲಗೆಯಲ್ಲಿ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಬೆನ್ನಿಗೂ ಈ ಜೋಡಣೆಯನ್ನು ನಕಲು ಮಾಡುವುದು ಜಾಣತನವಲ್ಲ. ಅಲ್ಲಿ ಕುದುರೆಯಿದೆ, ಇಲ್ಲಿಲ್ಲ.

ಮೂರನೆಯದು ಅರಗಳ ಜೋಡಣೆ. ಗಾಡಿಯ ಚಕ್ರದ ಅರಗಳಂತೆ ಕೆಳಭಾಗದ ನಡುವಿನಿಂದ ಪಟ್ಟಿಗಳು ಸುತ್ತಲೂ ಹರಡುತ್ತವೆ. ಬೆನ್ನು ಜೀವಂತವಾಗಿ ಕಂಪಿಸಬೇಕೆಂದು ಬಯಸುವವರಿಗೆ ಇದು ಪ್ರಿಯವಾದ ದಾರಿ. ಆದರೆ ಕಂಪಿಸಬೇಕೆಂದು ಬಯಸಿದರೆ ಸಾಲದು. ಯಾವ ಆವೃತ್ತಿಯಲ್ಲಿ ಕಂಪಿಸಬೇಕೆಂದೂ ನಿರ್ಧರಿಸಬೇಕು. ಮುಖದ ಮತ್ತು ಬೆನ್ನಿನ ಅನುರಣನಗಳು ಒಂದೇ ಸ್ಥಾನದಲ್ಲಿ ಬಿದ್ದರೆ ಅವೆರಡೂ ಶಕ್ತಿಗಾಗಿ ಸೆಣಸಾಡಿ, ಒಂದೆರಡು ಸ್ವರಗಳು ಅಬ್ಬರಿಸುತ್ತವೆ ಇಲ್ಲವೆ ಬೇಗನೆ ಸಾಯುತ್ತವೆ. ಬಹಳ ದೂರವಾದರೆ ಒಂದರ ನೆರವು ಇನ್ನೊಂದಕ್ಕೆ ದೊರೆಯದು. ಆಸ್ಟ್ರೇಲಿಯದ ಟ್ರೆವರ್ ಗೋರ್ ಮತ್ತು ಜೆರಾರ್ಡ್ ಗಿಲೆಟ್ 2011ರಲ್ಲಿ ಪ್ರಕಟಿಸಿದ ಗಿಟಾರ್ ನಿರ್ಮಾಣದ ಗ್ರಂಥದಲ್ಲಿ, ಬೆನ್ನಿನ ಸ್ವರ ಮುಖದ ಸ್ವರಕ್ಕಿಂತ ಸುಮಾರು ನಾಲ್ಕು ಸ್ವರಸ್ಥಾನಗಳಷ್ಟು ಮೇಲಿರಲಿ ಎಂಬ ಸಲಹೆಯಿದೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಮುಖವು ಷಡ್ಜವಾದರೆ ಬೆನ್ನು ಅಂತರ ಗಾಂಧಾರ. ಮುಖಹಲಗೆಯ ಅನುರಣನ 180 ಹರ್ಟ್ಸ್ ಆಗಿದ್ದರೆ ಬೆನ್ನಿನದು 227ರ ಹತ್ತಿರ ಇರಬೇಕೆಂದಾಯಿತು.

ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದವನು ಇನ್ನೊಬ್ಬ ಆಸ್ಟ್ರೇಲಿಯದ ಶಿಲ್ಪಿ ಗ್ರೆಗ್ ಸ್ಮಾಲ್‌ಮನ್. ಅವನ ಗಿಟಾರುಗಳ ಮುಖಹಲಗೆ ಅತಿ ತೆಳು. ಅದರ ಹಿಂದೆ ಬಾಲ್ಸಾ ಎಂಬ ಹಗುರ ಮರ ಮತ್ತು ಇಂಗಾಲದ ನಾರುಗಳ ಜಾಲಂದ್ರವಿರುತ್ತದೆ. ಬೆನ್ನಾದರೋ ದಪ್ಪನಾದ, ಉಬ್ಬಿದ, ಭಾರವಾದ ಗೋಡೆ. ಶಕ್ತಿಯೆಲ್ಲ ಮುಖದಲ್ಲಿಯೇ ಉಳಿಯಲಿ ಎಂಬುದು ಅಲ್ಲಿನ ತತ್ತ್ವ. ಜಾನ್ ವಿಲಿಯಮ್ಸ್‌ನಂತಹ ಜಗತ್ಪ್ರಸಿದ್ಧ ವಾದಕ 1980ರ ದಶಕದಿಂದ ಈ ಗಿಟಾರುಗಳನ್ನೇ ನುಡಿಸಿದನು. ಅಮೆರಿಕದ ಗಿಲ್ಡ್ ಕಂಪನಿಯ ಕೆಲವು ಮಾದರಿಗಳಲ್ಲಿ ತೆಳುಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿ ಉಬ್ಬಿಸಿದ ಬೆನ್ನಿದೆ. ಅದಕ್ಕೆ ಪಟ್ಟಿಯೇ ಇಲ್ಲ.

ಇಷ್ಟೊಂದು ದಾರಿಗಳಿರುವಾಗ ಶಿಲ್ಪಿ ಯಾವುದನ್ನು ಹಿಡಿಯಬೇಕು? ಮೊದಲು ಕೇಳಬೇಕಾದ ಪ್ರಶ್ನೆ ಮರದ ಕುರಿತದ್ದಲ್ಲ, ಮನುಷ್ಯನ ಕುರಿತದ್ದು. ನಿಮ್ಮ ಶಾಲೆಯಲ್ಲಿಯೋ ನೆರೆಯಲ್ಲಿಯೋ ಗಿಟಾರ್ ಇದ್ದರೆ ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಿ. ವಾದ್ಯದ ಬೆನ್ನನ್ನು ಹೊಟ್ಟೆಗೆ ಒತ್ತಿಕೊಂಡು ದಪ್ಪ ತಂತಿಯನ್ನು ಒಮ್ಮೆ ಮಿಡಿಯಿರಿ. ಬಳಿಕ ಬೆನ್ನನ್ನು ಮೈಯಿಂದ ದೂರ ಹಿಡಿದು ಅದನ್ನೇ ಮಿಡಿಯಿರಿ. ನಾದದಲ್ಲಿ ವ್ಯತ್ಯಾಸ ಕೇಳಿಸಿದರೆ ಆ ಬೆನ್ನು ಹಿಮ್ಮೇಳಕ್ಕೆ ಸೇರಿದ್ದು. ಕೇಳಿಸದಿದ್ದರೆ ಅದು ಗೋಡೆ. ನಿಂತು, ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ವಾದ್ಯವನ್ನು ಹೊಟ್ಟೆಗೆ ಬಿಗಿಹಿಡಿದು ನುಡಿಸುವವನಿಗೆ ಜೀವಂತ ಬೆನ್ನನ್ನು ಎಷ್ಟು ಶ್ರಮದಿಂದ ಕಟ್ಟಿಕೊಟ್ಟರೂ ಅದರ ಉಸಿರನ್ನು ಅವನ ಅಂಗಿಯೇ ಅಡಗಿಸಿಬಿಡುತ್ತದೆ. ಅಂಥವನಿಗೆ ಬಿಗಿಯಾದ ಏಣಿ ಅಥವಾ ದಪ್ಪ ಬೆನ್ನು ಸಾಕು. ಕುಳಿತು, ವಾದ್ಯವನ್ನು ಮೈಯಿಂದ ಓರೆಯಾಗಿ ಸರಿಸಿ ಹಿಡಿದು, ಒಂಟಿಯಾಗಿ ನುಡಿಸುವವನಿಗೆ ಅರಗಳ ಜೋಡಣೆಯ ಸೂಕ್ಷ್ಮ ಶ್ರಮ ಸಾರ್ಥಕವಾಗಬಹುದು.

ಮೊದಲ ಗಿಟಾರನ್ನು ಕಟ್ಟುವವರಿಗೆ ಏಣಿಯೇ ಲೇಸೆಂದು ನನಗೆ ತೋರುತ್ತದೆ. ಅದರ ನಡವಳಿಕೆ ಎರಡು ಶತಮಾನಗಳಿಂದ ಪರಿಚಿತ. ಒಂದು ಪಟ್ಟಿ ಕಿತ್ತುಬಂದು ಜಿರ್ರೆಂಬ ಸದ್ದು ಹೊರಟರೆ ಅದೊಂದನ್ನೇ ಮತ್ತೆ ಅಂಟಿಸಬಹುದು, ಉಳಿದವುಗಳಿಗೆ ಕೈಹಚ್ಚಬೇಕಿಲ್ಲ. ಗುಣಾಕಾರವೋ ಅರವೋ ಏಣಿಯೋ ಎಂಬ ಆಕೃತಿಯ ಕುರಿತು ಶಿಲ್ಪಿಗಳಲ್ಲಿ ನಡೆಯುವ ಚರ್ಚೆಗೆ ಕೊನೆಯಿಲ್ಲ. ಆದರೆ ಒಂದೇ ಏಣಿಯ ಪಟ್ಟಿಗಳನ್ನು ಮೂರು ಮಿಲಿಮೀಟರ್ ಏರಿಸಿ ಇಳಿಸಿ ಬೆನ್ನನ್ನು ಗೋಡೆಯಾಗಿಯೂ ಹಿಮ್ಮೇಳವಾಗಿಯೂ ಮಾಡಲು ಸಾಧ್ಯವಿರುವಾಗ, ಆಕೃತಿಗಿಂತ ಎತ್ತರಕ್ಕೆ ಹೆಚ್ಚು ಗಮನ ಕೊಡುವುದು ಯುಕ್ತ.

ಹೀಗಾಗಿ ಅನುಭವಸ್ಥನಾದ ಶಿಲ್ಪಿ ಪಟ್ಟಿಗಳನ್ನು ಬೇಕಾದುದಕ್ಕಿಂತ ಸ್ವಲ್ಪ ಎತ್ತರವಾಗಿಯೇ ಬಿಟ್ಟು ಪೆಟ್ಟಿಗೆಯನ್ನು ಮುಚ್ಚುತ್ತಾನೆ. ಪಟ್ಟಿಗಳ ತುದಿಗಳನ್ನು ಮಾತ್ರ ಮೊದಲೇ ಉಳಿಯಿಂದ ಇಳಿಜಾರಾಗಿ ಕೆತ್ತಿ, ಬದಿಹಲಗೆಯ ಅಂಚಿನ ಒಳಪಟ್ಟಿಯಲ್ಲಿ ಕಚ್ಚು ಮಾಡಿ ಕೂರಿಸಿರುತ್ತಾನೆ. ತುದಿ ಸಡಿಲವಾಗಿದ್ದರೆ ಪಟ್ಟಿ ಅಲ್ಲಿಂದಲೇ ಬಿಡತೊಡಗುತ್ತದೆ. ತಂತಿಗಳನ್ನು ಕಟ್ಟಿ ಕೆಲವು ದಿನ ಕಳೆದ ಬಳಿಕ ಮುಖವನ್ನೂ ಬೆನ್ನನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಅವುಗಳ ಸ್ವರವನ್ನು ಆಲಿಸುತ್ತಾನೆ. ಬೆನ್ನಿನ ಸ್ವರ ಬಯಸಿದ್ದಕ್ಕಿಂತ ಮೇಲಿದ್ದರೆ ತಂತಿಗಳನ್ನು ಸಡಿಲಿಸಿ, ಹತ್ತು ಸೆಂಟಿಮೀಟರ್ ಅಗಲದ ಆ ರಂಧ್ರದಲ್ಲಿ ಕೈ ತೂರಿಸಿ, ಹೆಬ್ಬೆರಳಿನಷ್ಟು ಚಿಕ್ಕದಾದ ಉಜ್ಜುಗೊರಡಿನಿಂದ ಕೆಳಗಿನ ಎರಡು ಪಟ್ಟಿಗಳ ನೆತ್ತಿಯನ್ನು ಒಂದಿಷ್ಟು ಉಜ್ಜುತ್ತಾನೆ. ಕಣ್ಣಿಗೆ ಕಾಣದ ಕೆಲಸ. ಬೆರಳ ತುದಿಯೇ ಅಲ್ಲಿ ಕಣ್ಣು. ಪೆಟ್ಟಿಗೆಯನ್ನು ಬೋರಲು ಹಿಡಿದು ಕೊಡವಿ, ಉದುರಿದ ಹೊಟ್ಟನ್ನು ನೋಡಿ, ಮತ್ತೆ ತಂತಿ ಬಿಗಿದು, ಮತ್ತೆ ತಟ್ಟುತ್ತಾನೆ. ಎತ್ತರವಿರುವ ಪಟ್ಟಿಯನ್ನು ತಗ್ಗಿಸಬಹುದು. ತಗ್ಗಿಸಿದ ಪಟ್ಟಿಗೆ ಮರವನ್ನು ಮರಳಿ ಸೇರಿಸುವಂತಿಲ್ಲ. ಆದುದರಿಂದ ಪ್ರತಿಸಲವೂ ಅವನು ತೆಗೆಯುವುದು ಎರಡೇ ಎರಡು ಸುರುಳಿ ಹೊಟ್ಟು.